ಗೊಂಬೆ ಹಾಡಿಗೆ ಎಷ್ಟು ಓಟ?

ಬ್ಯಾಂಡಿನವರ ಬಾಯಲ್ಲಿ ಮಾತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ರಾಮಾಯಣವೆಲ್ಲ ಇದರ ಮೇಲೇ ನಿಂತಿದೆ. ಚಿ. ಉದಯಶಂಕರ್ ಲೇಖನಿಯಲ್ಲಿ ಮಾತಿತ್ತು, ಪಿ.ಬಿ. ಶ್ರೀನಿವಾಸ್ ಕಂಠದಲ್ಲಿ ಮಾತಿತ್ತು. ಟ್ರಂಪೆಟ್ಟಿನ ಬಾಯಲ್ಲಿ ಏನಿದೆ ಸ್ವಾಮಿ? ಬರೀ ಗಾಳಿ!

‘ಕಸ್ತೂರಿ ನಿವಾಸ’ (1971) ನೋಡದ ಚಿತ್ರರಸಿಕ ಉಂಟೆ? 2014ರಲ್ಲಿ ಅದು ಬಣ್ಣ ಬಳಿದುಕೊಂಡು ಮತ್ತೊಮ್ಮೆ ಬಂತು. ಅದರಲ್ಲಿ ಗೊಂಬೆಯ ಹಾಡು ಎರಡು ಸಲ ಬರುತ್ತದೆ. ಒಮ್ಮೆ ನಗುವಿಗೆ, ಒಮ್ಮೆ ಅಳುವಿಗೆ. ಜಿ.ಕೆ. ವೆಂಕಟೇಶ್ ಹಾಕಿದ ಧಾಟಿ ಅದೇ, ಹಾಡಿದ ಕಂಠವೂ ಅದೇ. ಎರಡನೆಯದಕ್ಕೆ ಮಾತು ಬೇರೆ, ನಡೆ ನಿಧಾನ. ಟಾಕೀಸಿನಲ್ಲಿ ಕೂತವನಿಗೆ ಮಾತು ಬದಲಾದದ್ದು ತಿಳಿಯುತ್ತದೆ. ಮದುವೆ ಹಂದರದ ಮುಂದೆ ನಿಂತವನಿಗೆ? ಬ್ಯಾಂಡು ಆ ಧಾಟಿ ಎತ್ತಿದಾಗ ಅವನು ಕೇಳುತ್ತಿರುವುದು ನಗುವ ಗೊಂಬೆಯೋ ಅಳುವ ಗೊಂಬೆಯೋ ಅಂತ ಹೇಳುವುದು ಲಯ ಒಂದೇ.

ಇದನ್ನು ಪುಸ್ತಕ ಓದಿ ಬರೆಯುತ್ತಿಲ್ಲ. ಪಿ.ಯು.ಸಿ.ಯನ್ನು ಅರ್ಧಕ್ಕೆ ಬಿಟ್ಟು, ಪತ್ರಿಕೆಗಳ ಬಾಗಿಲು ಬಡಿಯೋದಕ್ಕೆ ಮುಂಚೆ, ಎರಡು ಲಗ್ನದ ಸೀಜನ್ನು ಬ್ಯಾಂಡ್ ಕಂಪನಿಯೊಂದರಲ್ಲಿ ಝಾಂಜ್ ಬಡಿದವನು ನಾನು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ... ಸುಪಾರಿ ಎಲ್ಲಿ ಸಿಕ್ಕರೆ ಅಲ್ಲಿಗೆ. (ಹೆದರಬೇಡಿ, ನಮ್ಮ ಕಡೆ ಬ್ಯಾಂಡು ಗೊತ್ತು ಮಾಡೋದಕ್ಕೂ ಸುಪಾರಿ ಅಂತಲೇ ಅನ್ನುತ್ತಾರೆ. ಸಿನಿಮಾದ ಸುಪಾರಿ ಬೇರೆ!) ಹೆಣ್ಣಿನ ಕಡೆಯವರಿಗೆ ಕನ್ನಡ ಹಾಡು, ಗಂಡಿನ ಕಡೆಯವರಿಗೆ ಮರಾಠಿ ಹಾಡು, ಕುಣಿಯುವ ಹುಡುಗರಿಗೆ ಹಿಂದಿ. ಗಡಿನಾಡಿನ ಬ್ಯಾಂಡಿಗೆ ಮೂರು ಭಾಷೆಯೂ ಒಂದೇ ಜೇಬಿನಲ್ಲಿ.

ನಮ್ಮ ಮಾಸ್ತರು ಕ್ಲಾರಿನೆಟ್ ನುಡಿಸುತ್ತಿದ್ದರು. ‘ಟೆಂಪೊ’ ಎಂಬ ಸಂಗೀತದ ಮಾತು ಅವರಿಗೆ ಗೊತ್ತೇ ಇರಲಿಲ್ಲ. ಟೆಂಪೊ ಅಂದರೆ ನಮ್ಮನ್ನೂ ಡ್ರಮ್ಮುಗಳನ್ನೂ ಒಟ್ಟಿಗೆ ಹೇರಿಕೊಂಡು ಹೋಗುವ ಗಾಡಿ, ಅಷ್ಟೆ. ಅವರದು ‘ಚಾಲ’. ಮೆರವಣಿಗೆಯಲ್ಲಿ ಅವರ ಕಣ್ಣು ಯಾವಾಗಲೂ ಜನರ ಕಾಲಿನ ಮೇಲೆ. “ಕಾಲ ನೋಡಿ ಚಾಲ ಹಿಡಿಬೇಕೊ ತಮ್ಮಾ” ಅನ್ನೋರು. ಮುದುಕಿಯರು ಹಿಂದೆ ಬಿದ್ದರೆ ಕ್ಲಾರಿನೆಟ್ಟಿನ ತುದಿಯನ್ನು ಒಂಚೂರು ಕೆಳಗಿಳಿಸುವರು, ಡ್ರಮ್ಮಿನವನು ಕೈ ಸಡಿಲಿಸಬೇಕು.

ಓಡಿಸೋದು ಸರಳ ಸ್ವಾಮಿ. ಯಾವ ಹುಡುಗನೂ ಓಡಿಸುತ್ತಾನೆ, ಓಟದ ಗದ್ದಲದಲ್ಲಿ ಅಪಸ್ವರ ಮುಚ್ಚಿಹೋಗುತ್ತದೆ. ನಿಧಾನ ಹಿಡಿದು ನೋಡಿ, ಒಂದೊಂದು ಸ್ವರವನ್ನೂ ಉಸಿರು ಕಟ್ಟಿ ನಿಲ್ಲಿಸಬೇಕು. ತುಟಿ ಸೋಲುತ್ತದೆ. ಪೆಟ್ಟಿಗೂ ಪೆಟ್ಟಿಗೂ ನಡುವೆ ಖಾಲಿ ಜಾಗ ಬೀಳುತ್ತದೆ. ಅದನ್ನು ಕಂಡರೆ ಡ್ರಮ್ಮಿನವನ ಕೈ ತುರಿಸುತ್ತದೆ, ಎರಡು ಪೆಟ್ಟು ಹೆಚ್ಚಿಗೆ ತುಂಬುತ್ತಾನೆ, ತುಂಬಿದ ಕೂಡಲೇ ಹಾಡು ತಾನಾಗಿ ಮುಂದಕ್ಕೆ ಜಾರುತ್ತದೆ. ಝಾಂಜಿನವನು ಅದನ್ನು ತಡೆಯಬೇಕು. ಎರಡು ಸೀಜನ್ನು ನಾನು ಮಾಡಿದ್ದು ಬಡಿಯೋದಕ್ಕಿಂತ ತಡೆಯೋದನ್ನೇ.

ಕಾಗವಾಡ ದಾಟಿದರೆ ಮಿರಜ. ಅಬ್ದುಲ್ ಕರೀಂ ಖಾನ್ ಸಾಹೇಬರು ನೆಲೆಸಿದ್ದ ಊರು. ಅವರು ಗಂಟೆಗಟ್ಟಲೆ ಅರಳಿಸುತ್ತಿದ್ದ ರಾಗವನ್ನು ಅಂದಿನ ಗ್ರಾಮಾಫೋನು ತಟ್ಟೆಗೆ ಮೂರು ನಿಮಿಷದಲ್ಲಿ ತುಂಬಬೇಕಾಗಿತ್ತು. 1937ರಲ್ಲಿ ಅವರು ತೀರಿಕೊಂಡ ಮೇಲೆ ಹುಟ್ಟಿದವರಿಗೆಲ್ಲ ಖಾನ್ ಸಾಹೇಬರೆಂದರೆ ಆ ಮೂರು ನಿಮಿಷವೇ.

ನಿಮಿಷದ ಲೆಕ್ಕ ನಮ್ಮ ನಾಡಗೀತೆಯನ್ನೂ ಬಿಡಲಿಲ್ಲ. 2004ರಲ್ಲಿ ಕುವೆಂಪು ಅವರ ಕವಿತೆ ನಾಡಗೀತೆಯಾಯಿತು. ಆಮೇಲೆ ಮೈಸೂರು ಅನಂತಸ್ವಾಮಿ ಧಾಟಿಯೋ ಸಿ. ಅಶ್ವಥ್ ಧಾಟಿಯೋ ಎಂಬ ಜಗಳ ವರ್ಷಗಟ್ಟಲೆ ನಡೆದು, 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅಪ್ಪಣೆ ಕೊಟ್ಟಿತು: ಅನಂತಸ್ವಾಮಿ ಧಾಟಿ, 2 ನಿಮಿಷ 30 ಸೆಕೆಂಡು. ಹೈಕೋರ್ಟಿಗೂ ಹೋಯಿತು, 2024ರಲ್ಲಿ ಅರ್ಜಿ ವಜಾ ಆಯಿತು. ಚಿಕ್ಕೋಡಿಯಲ್ಲಿ ನವೆಂಬರ್ 1ರ ಬಿಸಿಲಲ್ಲಿ ನಿಂತ ಶಾಲೆಯ ಮಕ್ಕಳಿಗೆ ಎರಡೂವರೆ ನಿಮಿಷ ವರವೇ ಅನ್ನಿ. ಆದರೆ ಗಡಿಯಲ್ಲಿ ನಿಂತು ಕೇಳುವ ನನ್ನಂಥವನಿಗೆ ಇನ್ನೊಂದು ನಿಮಿಷ ಇದ್ದರೆ ಏನಾಗುತ್ತಿತ್ತು ಅನ್ನಿಸುತ್ತದೆ.

ದೊಡ್ಡ ಆರ್ಕೆಸ್ಟ್ರಾಗಳಲ್ಲೂ ಇದೇ ತಕರಾರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಸಾಯುವ ಹೊತ್ತಿಗೆ ನಾಲ್ಕು ಹಾಡು ಬರೆದಿಟ್ಟಿದ್ದ. ಅವು ಮೊದಲು ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನಲ್ಲಿ. ಆ ಕಛೇರಿಗೆ ಹಣದ ಆಸರೆ ಕೊಟ್ಟವರು ಯಾರು ಗೊತ್ತೆ? ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು! ಅದರಲ್ಲಿ ಒಂದು ಹಾಡು ಮುಸ್ಸಂಜೆಯ ವೃದ್ಧ ದಂಪತಿಗಳದ್ದು. ಕೆಲವರು ಅದನ್ನು ಏಳು ನಿಮಿಷದೊಳಗೆ ಮುಗಿಸುತ್ತಾರೆ. ಜೆಸ್ಸಿ ನಾರ್ಮನ್ ಎಂಬ ಗಾಯಕಿ ಕುರ್ಟ್ ಮಸೂರ್ ಜೊತೆ ಹಾಡಿದ ರೆಕಾರ್ಡಿನಲ್ಲಿ ಹತ್ತಿರ ಹತ್ತಿರ ಹತ್ತು ನಿಮಿಷ. ಏಳರಲ್ಲಿ ಆ ಮುದುಕರು ಮನೆಗೆ ಹೊರಟಂತೆ ಕೇಳುತ್ತದೆ. ಹತ್ತರಲ್ಲಿ ಅವರಿಗೆ ಹೊರಡುವ ಮನಸ್ಸೇ ಇಲ್ಲ. ಸ್ಟ್ರಾಸ್‌ನನ್ನು ಕೇಳೋಣವೆಂದರೆ ಆತ 1949ರಲ್ಲೇ ತೀರಿಕೊಂಡಿದ್ದ.

1962ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಇನ್ನೂ ತಮಾಷೆ. ಪಿಯಾನೊ ನುಡಿಸುವ ಗ್ಲೆನ್ ಗೌಲ್ಡ್ ಬ್ರಾಹ್ಮ್ಸ್‌ನ ಕೃತಿಯನ್ನು ತೀರಾ ನಿಧಾನ ಹಿಡಿಯುತ್ತೇನೆಂದು ಹಟ ಹಿಡಿದ. ವಾದ್ಯವೃಂದ ನಡೆಸುವ ಲಿಯೊನಾರ್ಡ್ ಬರ್ನ್‌ಸ್ಟೈನ್ ಜನರ ಕಡೆ ತಿರುಗಿ, ಇದು ನನಗೆ ಒಪ್ಪಿಗೆಯಿಲ್ಲ ಅಂತ ಬಹಿರಂಗವಾಗಿ ಹೇಳಿಯೇ ಶುರು ಮಾಡಿದ. ಇಂಥಲ್ಲಿ ಯಜಮಾನ ಯಾರು, ನುಡಿಸುವವನೋ ನಡೆಸುವವನೋ ಅಂತಲೂ ಕೇಳಿದ.

ರಾಯಬಾಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇದೇ ಪ್ರಶ್ನೆಯನ್ನು ನಾನು ಕಣ್ಣಾರೆ ಕಂಡೆ. ಹೆಣ್ಣು ಕಳಿಸುವ ಹೊತ್ತು. ತಂದೆಯಿಲ್ಲದ ಹುಡುಗಿ. ಮಾಸ್ತರು ಗೊಂಬೆ ಹಾಡು ಎತ್ತಿದರು, ನಿಧಾನಕ್ಕೆ. ಗಂಡಿನ ಕಡೆಯ ಒಬ್ಬ ವಾಚು ನೋಡಿಕೊಂಡು ಬಂದ.

“ಏ ಮಾಸ್ತರ, ಜಲ್ದಿ ಹೊಡಿ. ಇಚಲಕರಂಜಿ ತನಕಾ ಹೋಗೂದೈತಿ. ರೊಕ್ಕ ಕೊಡಾವ್ರು ನಾವು!”

ಒಳಗಿಂದ ಹುಡುಗಿಯ ತಾಯಿ ಬಂದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಂದೇ ಮಾತು ಹೇಳಿದಳು: “ಸಾವಕಾಶ ನುಡಸ್ರಿ ಅಣ್ಣಾ. ಅಕಿ ಇನ್ನೂ ಹೊಚ್ಚಲಾ ದಾಟಿಲ್ಲ.”

ಡ್ರಮ್ಮಿನವನು ಮಾಸ್ತರ ಮುಖ ನೋಡಿದ, ನಾನೂ ನೋಡಿದೆ. ಕ್ಲಾರಿನೆಟ್ಟಿನ ತುದಿ ಕೆಳಗಿಳಿಯಿತು. ಮೊದಲಿಗಿಂತಲೂ ನಿಧಾನ! ಹೊಚ್ಚಲದಿಂದ ಕಾರಿನ ತನಕ ಇಪ್ಪತ್ತು ಹೆಜ್ಜೆ ಇರಬಹುದು. ಆ ಇಪ್ಪತ್ತು ಹೆಜ್ಜೆಗೆ ಪೂರ್ತಿ ಹಾಡು ಆಯಿತು. ಹುಡುಗಿ ಎರಡು ಸಲ ತಿರುಗಿ ನೋಡಿದಳು, ಎರಡು ಸಲವೂ ಹಾಡು ಅವಳಿಗಾಗಿ ನಿಂತಿತು. ವಾಚಿನವನ ಕಣ್ಣೂ ತೇವವಾಗಿತ್ತು, ನಾನು ನೋಡಿದೆ. ಆದರೂ ಲೆಕ್ಕ ಮಾಡುವಾಗ ಐನೂರು ರೂಪಾಯಿ ಮುರಿದುಕೊಂಡೇ ಕೊಟ್ಟ. ಮಾಸ್ತರು ಆ ಐನೂರನ್ನು ತಮ್ಮ ಪಾಲಿನಿಂದಲೇ ಕಳೆದು, ನಮಗೆ ಪೂರ್ತಿ ಹಂಚಿದರು.

ಹೋದ ಸೀಜನ್ನಿನಲ್ಲಿ ನಿಪ್ಪಾಣಿಯ ಒಂದು ಮದುವೆಯಲ್ಲಿ ಮಾಸ್ತರು ಮತ್ತೆ ಸಿಕ್ಕರು. ಕೂದಲು ಪೂರಾ ಬಿಳಿ. ಈಗ ಕಂಪನಿಗೆ ಕೀಬೋರ್ಡು ಬಂದಿದೆ, ತಾಳವೆಲ್ಲ ಅದರೊಳಗಿನದೇ. ಗುಂಡಿ ಒತ್ತಿದರೆ 120 ಅಂತ ಕೆಂಪಗೆ ಅಂಕಿ ಬರುತ್ತದೆ, ಮತ್ತೆ ಒತ್ತುವ ತನಕ ಒಂದು ಕೂದಲೆಳೆಯೂ ಅತ್ತಿತ್ತ ಆಗೋದಿಲ್ಲ. ಹೆಣ್ಣು ಕಳಿಸುವಾಗ ಮಾಸ್ತರು ಹುಡುಗನ ಪಕ್ಕದಲ್ಲೇ ನಿಂತಿದ್ದರು.

“ಇಳಸೋ... ಇನ್ನೊಂದೀಟ ಇಳಸು.”

100 ಆಯಿತು, 84 ಆಯಿತು. ಮದುಮಗಳು ಅಜ್ಜಿಯನ್ನು ತಬ್ಬಿಕೊಂಡು ಅಲ್ಲೇ ನಿಂತುಬಿಟ್ಟಳು. ಯಂತ್ರ ಮಾತ್ರ ಟಕ್ ಟಕ್ ನಡೆದೇ ಇತ್ತು.

“ಇದು ನಿಲ್ಲೂದಿಲ್ರಿ ಮಾಸ್ತರ” ಅಂದ ಹುಡುಗ.

“ಹಂಗಾರ ಬಂದ್ ಮಾಡು.”

ಬಂದ್ ಮಾಡಿದ. ಡ್ರಮ್ಮಿನವನು ಗಾಡಿಯೊಳಗೆ ಕೋಲು ಹುಡುಕೋದಕ್ಕೆ ಓಡಿದ. ಅಲ್ಲಿವರೆಗೆ ಕ್ಲಾರಿನೆಟ್ ಒಂದೇ ನಡೆಯಿತು.