ಬೀಜ ಅದಾವೇನು?

ಕಾಲೇಜಿನಲ್ಲಿದ್ದಾಗ ವಿಲ್ಲಾ ಕ್ಯಾಥರ್ ಅವರ ‘ಮೈ ಆಂಟೋನಿಯಾ’ ಓದಿದೆ. 1918ರಲ್ಲಿ ಬಂದ ಕಾದಂಬರಿ. ಅಮೆರಿಕದ ನೆಬ್ರಾಸ್ಕಾದ ಹುಲ್ಲುಬಯಲು, ಅಲ್ಲಿ ಮೊದಲ ಸಲ ನೆಲ ಒಡೆದ ಒಕ್ಕಲು ಮಂದಿ, ಅವರ ನಡುವೆ ಹೇಳಲಾಗದೆ ಉಳಿದ ಒಂದು ಪ್ರೀತಿ. ಓದುವಾಗ ಕಣ್ಣಿಗೆ ಬಂದದ್ದು ಯಲಬುರ್ಗಾ ಕಡೆಯ ನಮ್ಮ ಎರಿ ಹೊಲ. ಅಂಚೇ ಕಾಣದ ಬಿಳಿಜೋಳದ ಬಯಲು, ನಡುವೆ ಒಂಟಿ ಬೇವಿನ ಮರ.

ನಮ್ಮ ಸೀಮೆಯ ಪ್ರೇಮಕಥೆ ಅಂದರೆ ಎಲ್ಲರೂ ಗಂಗಾವತಿ ಹತ್ತಿರದ ಕುಮ್ಮಟದುರ್ಗದ ಕಡೆ ಕೈ ತೋರಿಸುತ್ತಾರೆ. ಕುಮಾರರಾಮನನ್ನು ಮೋಹಿಸಿದ ಮಲತಾಯಿ ರತ್ನಾಜಿ, ಒಲ್ಲೆನೆಂದ ಮಗ, ತಲೆ ತೆಗೆಯಲು ಹೇಳಿದ ತಂದೆ ಕಂಪಿಲರಾಯ. ನಂಜುಂಡ ಕವಿ ಇದನ್ನು ಸಾಂಗತ್ಯದಲ್ಲಿ ಕಟ್ಟಿದ. ಆದರೆ ಆ ಕೋಟೆಯ ಕುದುರೆಗಳಿಗೆ ಹುರುಳಿ ಬೆಳೆದವರ ಮನೆಯಲ್ಲಿ ಯಾರು ಯಾರಿಗಾಗಿ ಕಾದರು? ಅದನ್ನು ನಾನೇ ಬರೆಯುತ್ತೇನೆಂದು ಕೂತೆ.

ಆರಿಸಿಕೊಂಡ ಕಾಲ 1948. ಕೊಪ್ಪಳ, ಯಲಬುರ್ಗಾ ಆಗ ನಿಜಾಮರ ರಾಜ್ಯದೊಳಗಿನ ಸಾಲಾರ್ ಜಂಗ್ ಜಾಗೀರು. ಗದಗ, ಮುಂಡರಗಿ ಮುಂಬೈ ಪ್ರಾಂತ್ಯ. ಆ ಕಡೆ ಸ್ವಾತಂತ್ರ್ಯ ಬಂದಿತ್ತು, ಈ ಕಡೆ ಬಂದಿರಲಿಲ್ಲ. ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತನದಲ್ಲಿ ಮುಂಡರಗಿಯಲ್ಲಿ ಹೋರಾಟಗಾರರ ಶಿಬಿರ ನಡೆದಿತ್ತು. ರಜಾಕಾರರ ಭಯಕ್ಕೆ ಎಷ್ಟೋ ಮನೆತನಗಳು ಬಂಡಿ ಕಟ್ಟಿ ಗಡಿ ದಾಟಿದ್ದವು. ನನ್ನ ನಾಯಕ ಶಿಬಿರದಲ್ಲಿದ್ದ, ನಾಯಕಿ ಪತ್ರ ಹಿಡಿದು ಕಿಟಕಿಯಲ್ಲಿ ಕಾಯುತ್ತಿದ್ದಳು.

ಒಂದು ಸಂಜೆ ಅಜ್ಜಿಗೆ ಓದಿ ಹೇಳಿದೆ. ಆಕೆ ನಕ್ಕಳು.

“ತಮ್ಮಾ, ನಮ್ಮ ಮಾಳಗಿ ಮನಿಗೆ ಕಿಟಕಿ ಎಲ್ಲಿದ್ವು? ಇದ್ದದ್ದು ಒಂದ ಬೆಳಕಿಂಡಿ. ಈ ಹುಡುಗಿ ದಿನಾ ನಿಂತ ಇದ್ರ ಕಸಾ ಮುಸುರಿ ಮಾಡೋರು ಯಾರು?”

ಆಮೇಲೆ ತನ್ನದನ್ನು ಹೇಳಿದಳು. ಆ ವರ್ಷ ಆಕೆ ಹೊಸದಾಗಿ ನಡೆಯಲು ಬಂದ ಸೊಸೆ. ಅಜ್ಜ ಊರಲ್ಲೇ ಉಳಿದ. ಅತ್ತೆಯ ಜೊತೆ ಬಂಡಿ ಹತ್ತುವಾಗ ಆಕೆ ಉಡಿಯಲ್ಲಿ ಕಟ್ಟಿಕೊಂಡದ್ದು ಬೀಜದ ಜೋಳ. ಹಗೇವಿನ ಕಾಳು ಉಳಿಯುವ ಭರವಸೆ ಇರಲಿಲ್ಲ. ಗದಗ ಕಡೆಯ ಬೀಗರ ಮನೆಯಲ್ಲಿ ಹಿಟ್ಟು ತೀರಿದಾಗಲೂ ಆ ಗಂಟು ಬಿಚ್ಚಲಿಲ್ಲ. ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸೈನ್ಯ ಶರಣಾಯಿತು. ಹಿಂಗಾರಿ ಬಿತ್ತಿಗೆ ಹತ್ತಿರವಾಗಿತ್ತು. ಒಂದು ದಿನ ಅಜ್ಜ ಬಾಗಿಲಿಗೆ ಬಂದು ನಿಂತ.

“ಬಂದವನ ‘ಬೀಜ ಅದಾವೇನು?’ ಅಂದ. ನಾ ಬದುಕೀನೋ ಇಲ್ಲೋ ಕೇಳಲಿಲ್ಲ ನೋಡು.”

ಅರ್ಧ ಶತಮಾನ ಕಳೆದರೂ ಆ ಸಿಟ್ಟು ಆಕೆಯ ದನಿಯಲ್ಲಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಾವ ಅಂದೆ. ಅಲ್ಲೇ ಕಟ್ಟಿಮ್ಯಾಲ ಕುಂತು ಅತ್ತುಬಿಟ್ಟ” ಅಂದಳು.

ನನ್ನ ಹಸ್ತಪ್ರತಿಯ ಕಿಟಕಿ ಅಂದೇ ಹೋಯಿತು, ಪತ್ರವೂ ಹೋಯಿತು. ಒಕ್ಕಲಿಗರ ಪ್ರೇಮಕಥೆ ಬರೆಯುವವನು ಮೊದಲು ಅದು ಯಾವ ತಿಂಗಳು, ಹೊಲದಲ್ಲಿ ಏನು ಕೆಲಸ ಎಂದು ತಿಳಿದಿರಬೇಕು ಎಂಬುದಷ್ಟೇ ಉಳಿಯಿತು. ಬರೆಯಲು ಕೂತಾಗಲೆಲ್ಲ ಆ ಕಟ್ಟೆಯ ಹತ್ತಿರ ನಿಲ್ಲುತ್ತೇನೆ. ಅಜ್ಜ ಅತ್ತದ್ದು ಬೀಜ ಉಳಿದದ್ದಕ್ಕೋ, ಹೆಂಡತಿ ಉಳಿದದ್ದಕ್ಕೋ? ಅಜ್ಜಿ ಇದ್ದಾಗ ಕೇಳಬೇಕೆಂದು ಹೊಳೆಯಲಿಲ್ಲ.