ಕಂಡು, ಹಿಡಿದು

ರಾಂಜಣಗಾಂವ ಅಷ್ಟವಿನಾಯಕರಲ್ಲೊಬ್ಬನಾದ ಮಹಾಗಣಪತಿಯ ಊರು. ಅಲ್ಲಿನ ಎಂ.ಐ.ಡಿ.ಸಿ. ಕೈಗಾರಿಕಾ ಪ್ರದೇಶದಲ್ಲಿ ಕಾರು, ಫ್ರಿಜ್ಜುಗಳೂ ತಯಾರಾಗುತ್ತವೆ. ಅಲ್ಲಿನ ಕಾರ್ಖಾನೆಯೊಂದರಲ್ಲಿ ನಾನಿದ್ದ ಲೈನಿನಲ್ಲಿ ಇಂಡಿ ಕಡೆಯ ಹುಡುಗನೊಬ್ಬನಿದ್ದ. 12 ಮಿಲಿಮೀಟರಿನ ಸ್ಕ್ರೂಗಳ ಡಬ್ಬಿಗೆ ಆಗಾಗ 16ರವು ಬೆರೆತು ಬರುತ್ತಿದ್ದವು. ಉದ್ದದ್ದನ್ನು ಬಿಗಿದರೆ ಪ್ಲಾಸ್ಟಿಕ್ ಪ್ಯಾನೆಲ್ ಸೀಳುತ್ತಿತ್ತು. ಮೂಲೆಯಲ್ಲಿ ಬಿದ್ದಿದ್ದ ಹಲಗೆಯೊಂದಕ್ಕೆ ಅವನು 12 ಮಿಲಿಮೀಟರ್ ಆಳದ ಹತ್ತು ತೂತು ಕೊರೆದ. ಸ್ಕ್ರೂಗಳನ್ನು ಅದರಲ್ಲಿ ಇಳಿಬಿಟ್ಟರೆ ಸರಿಯಾದವು ಹಲಗೆಗೆ ತಲೆಯೂರಿ ಕೂರುತ್ತವೆ, ಉದ್ದದವು ತಲೆಯೆತ್ತಿ ನಿಲ್ಲುತ್ತವೆ. ಒಮ್ಮೆ ಅಂಗೈ ಸವರಿದರೆ ಸಾಕು.

"ಕುಣೀ ಶೋಧ ಲಾವಲಾ?" (ಯಾರು ಕಂಡುಹಿಡಿದದ್ದು?) ಎಂದು ಮರಾಠಿ ಸೂಪರ್‌ವೈಸರ್ ಹಿಗ್ಗಿನಿಂದ ಕೇಳಿದರು. ಸಲಹೆಯ ಫಾರ್ಮಿನ ಖಾನೆಯಲ್ಲಿ ಮಾತ್ರ 'ಇನ್ವೆಂಟ್' ಎಂದಿತ್ತು. ತುಂಬಲು ಕೂತವನು ನಾನು, ಹುಡುಗ ಒಪ್ಪಲಿಲ್ಲ. "ಕಂಡ್ ಹಿಡಿಯೂದೇನ್ ಬಂತ್ರೀ ಇದ್ರಾಗ? ಹಲಗಿ ಅಲ್ಲೇ ಬಿದ್ದಿತ್ತು."

ಆ ಮಾತು ನನ್ನನ್ನು ಬಿಡಲಿಲ್ಲ. ಕೊಲಂಬಸ್ ಅಮೆರಿಕ ಕಂಡುಹಿಡಿದ, ಬೆಲ್ ಟೆಲಿಫೋನ್ ಕಂಡುಹಿಡಿದ ಎಂದು ಶಾಲೆಯಲ್ಲಿ ಒಂದೇ ಉಸಿರಿಗೆ ಕಲಿತವರು ನಾವು. ಇದ್ದದ್ದನ್ನು ಕಾಣುವುದು ಬೇರೆ, ಇಲ್ಲದ್ದನ್ನು ಮಾಡುವುದು ಬೇರೆ ಎಂದು ಇಂಗ್ಲಿಷು 'ಡಿಸ್ಕವರ್', 'ಇನ್ವೆಂಟ್' ಎಂಬ ಎರಡು ಕ್ರಿಯಾಪದ ಇಟ್ಟುಕೊಂಡಿದೆ. ನಮ್ಮ 1970ರ ಪೇಟೆಂಟ್ ಕಾಯ್ದೆಯ 3ನೇ ಕಲಮೂ ಪ್ರಕೃತಿಯಲ್ಲಿ ಇದ್ದದ್ದನ್ನು ಬರಿದೇ ಕಂಡವನಿಗೆ ಪೇಟೆಂಟ್ ಇಲ್ಲ ಎನ್ನುತ್ತದೆ. ಕಾನೂನಿಗೆ ಆ ಗೆರೆ ಬೇಕು, ಸರಿಯೇ. ಆದರೆ 'ಇನ್ವೆಂಟ್'ನ ಬೇರು ಲ್ಯಾಟಿನ್ನಿನ 'ಇನ್ವೆನೀರೆ': ಎದುರಾಗು, ಕಾಣು ಎಂದರ್ಥ. ಸಂತ ಹೆಲೆನಾಗೆ ಏಸುವಿನ ಶಿಲುಬೆ ಸಿಕ್ಕಿತೆಂಬ ನಂಬಿಕೆಯ ಹಬ್ಬ ಮೇ 3ರಂದು ಬರುತ್ತಿತ್ತು. ಇಂಗ್ಲಿಷಿನಲ್ಲಿ ಅದರ ಹೆಸರು 'ಇನ್ವೆನ್ಷನ್ ಆಫ್ ದ ಕ್ರಾಸ್'. ನಮ್ಮ 'ಆವಿಷ್ಕಾರ'ವೂ ಸಂಸ್ಕೃತದಲ್ಲಿ ಮರೆಯಲ್ಲಿದ್ದದ್ದನ್ನು ಬಯಲಿಗೆ ತರುವುದೇ.

ಎರಡಕ್ಕೂ ಒಂದೇ ಆದ್ದರಿಂದ 'ಕಂಡುಹಿಡಿ' ಬಡ ಪದ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅದರೊಳಗೆ ಎರಡು ಕೆಲಸಗಳಿವೆ. ಆ ಹಲಗೆಯನ್ನು ಮೂರೂ ಶಿಫ್ಟಿನವರು ದಿನವೂ ಕಂಡಿದ್ದರು. ಹಿಡಿದವನು ಇವನೊಬ್ಬನೇ.

ಇದನ್ನೇ ಅವನಿಗೆ ಹೇಳಿದೆ. ಕೊಂಚ ಹೊತ್ತು ಸುಮ್ಮನಿದ್ದು, "ಹಂಗಂದ್ರ ಬರೀರಿ" ಎಂದ. ಫಾರ್ಮಿನ ಆ ಖಾನೆಯಲ್ಲಿ ಅವನ ಹೆಸರು ಬರೆದು ತಲೆಯೆತ್ತಿದರೆ ಅವನಾಗಲೇ ಡ್ರಿಲ್ ಮಷಿನ್ನಿನ ಮುಂದಿದ್ದ, ಕೈಯಲ್ಲಿ ಇನ್ನೊಂದು ಹಲಗೆ.

"ಬಾಜೂ ಲೈನಿನವ್ರೂ ಕೇಳ್ಯಾರ್ರೀ."