ಪರನಿಂದೆ ಮತ್ತು ಪರಹಿತ

ಪ್ರತಿಸ್ಪರ್ಧಿಯ ಸರಕಿನಲ್ಲಿರುವ ದೋಷವನ್ನು ವ್ಯಾಪಾರಿಯು ಜನರೆದುರು ಹೇಳಬಹುದೇ? ಅಣುವ್ರತವನ್ನು ಕೈಗೊಂಡ ಶ್ರಾವಕನಿಗೆ ಇದು ಸಣ್ಣ ಪ್ರಶ್ನೆಯಲ್ಲ. ಬಿ.ಕಾಂ. ಓದಿನಲ್ಲಿ ನನಗೆ ಇದರ ಉತ್ತರ ದೊರೆಯಲಿಲ್ಲ. ದೊರೆತದ್ದು ಕಡಗಂಚಿಯ ನನ್ನ ಅಂಗಡಿಯಲ್ಲಿ, ಅದೂ ಎರಡು ಬಾರಿ ತಪ್ಪಿ ನಡೆದ ಮೇಲೆ.

ನಮ್ಮದು ತೊಗರಿಯ ಸೀಮೆ. ಇಲ್ಲಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಲಭಿಸಿದೆ. ಕೆಲವು ವರ್ಷಗಳ ಹಿಂದೆ ಇನ್ನೊಬ್ಬ ವ್ಯಾಪಾರಿ ನನಗಿಂತ ಕಿಲೋಗೆ ಆರು ರೂಪಾಯಿ ಕಡಿಮೆಗೆ ಬೇಳೆ ಮಾರತೊಡಗಿದರು. “ಸಾವಕಾರ್ರೆ, ನಿಮ್ಮ ಬೇಳಿ ಯಾಕ್ರಿ ಇಷ್ಟು ತುಟ್ಟಿ?” ಎಂದು ಗಿರಾಕಿಗಳು ಕೇಳಿದಾಗ, “ಅವರು ಏನು ಕಲಸ್ತಾರೋ ಯಾರಿಗ್ಗೊತ್ತು” ಎಂದುಬಿಟ್ಟೆ. ಕಲಬೆರಕೆಯ ಸುಳಿವೇನೂ ನನಗಿರಲಿಲ್ಲ. ಇದ್ದದ್ದು ಮತ್ಸರ ಮಾತ್ರ.

ಮುಂದೊಂದು ದಿನ ಒಬ್ಬ ತಾಯಿ ಅವರ ಅಂಗಡಿಯ ಬೇಳೆಯನ್ನು ತಂದು ತೋರಿಸಿದರು. ದುಂಡನೆಯ ತೊಗರಿಯ ನಡುವೆ ಓರೆಯಂಚಿನ, ಮೂಲೆಯುಳ್ಳ ಕೇಸರಿ ಬೇಳೆ ಬೆರೆತಿತ್ತು. ಬಹುಕಾಲ ಅದನ್ನೇ ಹೆಚ್ಚಾಗಿ ಉಂಡವರ ಕಾಲುಗಳು ಸ್ವಾಧೀನ ತಪ್ಪುವುದುಂಟೆಂದು 1961ರಲ್ಲಿ ಕೇಂದ್ರ ಸರ್ಕಾರವು ಅದರ ಮಾರಾಟವನ್ನು ನಿಷೇಧಿಸಿತ್ತು. ಈಗ ನಿಜವಾಗಿ ಮಾತನಾಡಬೇಕಾಗಿತ್ತು. ಆದರೆ ಹಿಂದೆ ಆಡಿದ ಮಾತಿನ ನಾಚಿಕೆ ಬಾಯಿ ಕಟ್ಟಿತು. ಇದು ಉಪಗೂಹನವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆದರೂ ಮನಸ್ಸು ಒಪ್ಪದೆ ಶಾಸ್ತ್ರವನ್ನು ತೆರೆದೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಉಪಗೂಹನಕ್ಕೆ ಹೆಸರಿಸುವ ಜಿನೇಂದ್ರಭಕ್ತನು ಒಬ್ಬ ಶ್ರೇಷ್ಠಿ. ಬ್ರಹ್ಮಚಾರಿಯ ವೇಷದ ಕಳ್ಳನು ಜಿನಾಲಯದ ರತ್ನದೊಡನೆ ಸಿಕ್ಕಿಬಿದ್ದಾಗ, ತಾನೇ ಅದನ್ನು ತರಿಸಿದೆನೆಂದು ಹೇಳಿ ಧರ್ಮದ ಮಾನ ಉಳಿಸಿದನು. ಆದರೆ ರತ್ನವನ್ನು ಕಳ್ಳನ ಕೈಯಲ್ಲಿ ಬಿಡಲಿಲ್ಲ. ಏಕಾಂತದಲ್ಲಿ ಅವನನ್ನು ಗದರಿಸಿ ಕಳುಹಿಸಿದನು. ಅಲ್ಲಿ ನಷ್ಟವು ಶ್ರೇಷ್ಠಿಯದು, ಕ್ಷಮಿಸುವ ಅಧಿಕಾರವೂ ಅವನದು. ಇಲ್ಲಿ ಕೆಡುವುದು ಗಿರಾಕಿಯ ಆರೋಗ್ಯ. ಅವರ ಪರವಾಗಿ ಕ್ಷಮಿಸಲು ನಾನಾರು?

ತತ್ತ್ವಾರ್ಥಸೂತ್ರವು ಪರನಿಂದೆ, ಆತ್ಮಪ್ರಶಂಸೆಗಳನ್ನು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ಹೇಳುತ್ತದೆ. ಅದೇ ಗ್ರಂಥವು ಪ್ರತಿರೂಪಕ ವ್ಯವಹಾರವನ್ನು, ಅಂದರೆ ಕಲಬೆರಕೆಯನ್ನು, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸುತ್ತದೆ. ನನ್ನ ಮಾತು ಮೊದಲನೆಯ ದೋಷವಾಗಿತ್ತು. ನನ್ನ ಮೌನವು ಎರಡನೆಯದಕ್ಕೆ ಆಸರೆಯಾಗಿತ್ತು.

ಆ ರಾತ್ರಿಯೇ ಅವರ ಮನೆಗೆ ಹೋಗಿ ಬೇಳೆಯನ್ನು ಮುಂದಿಟ್ಟೆ. ಪರಊರಿನ ದಲಾಲನಿಂದ ಕೊಂಡ ಚೀಲಗಳವು, ಅವರಿಗೂ ತಿಳಿದಿರಲಿಲ್ಲ. “ಅಣ್ಣಾರ, ಅವತ್ತೇ ನನಗ ಹೇಳಬಾರದಿತ್ತೇನ್ರಿ?” ಎಂದಷ್ಟೇ ಕೇಳಿದರು. ಮರುದಿನವೇ ಚೀಲಗಳನ್ನು ತೆಗೆದಿರಿಸಿ, ಕೊಂಡವರಿಗೆಲ್ಲ ಹೇಳಿಕಳುಹಿಸಿದರು. ಆದರೆ ನಾನು ಸುಮ್ಮನಿದ್ದ ಹನ್ನೊಂದು ದಿನವೂ ಆ ಬೇಳೆ ಊರಿನ ಒಲೆಗಳ ಮೇಲೆ ಬೆಂದಿತ್ತು. ಹಿಂದೆ ಆಡಿದ ಮಾತು ಆಧಾರವಿಲ್ಲದ್ದೆಂದು ನಾನೂ ಗಿರಾಕಿಗಳೆದುರು ಒಪ್ಪಿಕೊಂಡೆ.

ದೊಡ್ಡ ಉದ್ಯಮಗಳಿಗೂ ಈ ವಿವೇಕ ಬೇಕು. ಐಸ್‌ಕ್ರೀಮು ಹಾಲಿನ ಕೊಬ್ಬಿನದು, ಫ್ರೋಜನ್ ಡೆಸರ್ಟು ಸಸ್ಯದ ಕೊಬ್ಬಿನದು ಎಂಬುದು ನಿಜವೇ. ಆದರೆ ಅಮುಲ್ ತನ್ನ ಜಾಹೀರಾತಿನಲ್ಲಿ ಎರಡನೆಯದಕ್ಕೆ ವನಸ್ಪತಿಯ ಹೆಸರು ಅಂಟಿಸಿದಾಗ ಹಿಂದೂಸ್ತಾನ್ ಯೂನಿಲಿವರ್ ಮೊರೆಹೋಯಿತು. 2017ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆ ಜಾಹೀರಾತನ್ನು ತಡೆಯಿತು. ಸತ್ಯಕ್ಕೆ ಸೇರಿಸಿದ ಒಂದು ಮಾತು ಸತ್ಯವನ್ನೂ ಕೆಡಿಸುತ್ತದೆ.

ನಾನು ಕಂಡುಕೊಂಡ ಕ್ರಮವಿಷ್ಟು. ದೋಷವನ್ನು ಮೊದಲು ಮಾರಿದವನಿಗೇ ಹೇಳಬೇಕು. ತಿದ್ದಿಕೊಳ್ಳದಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಬೇಕು; 2006ರ ಕಾಯ್ದೆಯು ಕೊಂಡವನಿಗೂ ಮಾದರಿಯನ್ನು ಪರೀಕ್ಷೆ ಮಾಡಿಸುವ ಹಕ್ಕು ಕೊಟ್ಟಿದೆ. ಅಷ್ಟರಲ್ಲಿ ಜನರಿಗೆ ಹಾನಿಯಾಗುವಂತಿದ್ದರೆ ಬಹಿರಂಗವಾಗಿ ಹೇಳುವುದೇ ಧರ್ಮ. ಆಗಲೂ ಕಂಡದ್ದನ್ನಷ್ಟೇ ಹೇಳಬೇಕು, ಸರಕಿನ ವಿಷಯ ಹೇಳಬೇಕೇ ಹೊರತು ವ್ಯಕ್ತಿಯ ವಿಷಯವನ್ನಲ್ಲ. ಬಸದಿಯ ಟ್ರಸ್ಟಿನವರೂ ಸರಕು ಕೊಳ್ಳುವಾಗ ಒಬ್ಬ ವ್ಯಾಪಾರಿಯು ಇನ್ನೊಬ್ಬನ ಬಗ್ಗೆ ಪಿಸುಗುಟ್ಟಿದರೆ, ಅದನ್ನು ಬರೆದು ಕೊಡುವಂತೆ ಕೇಳಲಿ.

ಕೊನೆಯದಾಗಿ, ಹಾಗೆ ಹೇಳಿದ ಬಾಯಿಂದಲೇ “ನಮ್ಮಲ್ಲಿಗೆ ಬನ್ನಿ” ಎನ್ನಬಾರದು. ಅಂದರೆ ಅದು ಪರಹಿತವಾಗಿ ಉಳಿಯದು, ವ್ಯಾಪಾರವಾಗುತ್ತದೆ.